ಜೇಕಿನ ಕುಂಡ ಮತ್ತು ಬೆಕ್ಕು: ಪಶುವೈದ್ಯರಿಗೆ ಪ್ರಶ್ನೆ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ಬಾಲ್ಕನಿಯಲ್ಲಿ ನೀರಿನ ತಟ್ಟೆಯಲ್ಲಿಟ್ಟಿರುವ ಅಂಬ್ರೆಲಾ ಗಿಡವನ್ನು ನಮ್ಮ ಬೆಕ್ಕು ದಿನವೂ ಅಗಿಯುತ್ತದೆ. ಉದ್ದನೆಯ ಹಸಿರು ಕಡ್ಡಿ, ತುದಿಯಲ್ಲಿ ಸುತ್ತಲೂ ಹರಡಿದ ಕಿರಿದಾದ ಎಲೆಗಳು. ನರ್ಸರಿಯವರು ಅಲಂಕಾರದ ಜೇಕು ಎಂದರು. ಅಂತರ್ಜಾಲದಲ್ಲಿ ಒಂದು ಕಡೆ ವಿಷ ಎಂದಿದೆ, ಇನ್ನೊಂದು ಕಡೆ ಭಯವಿಲ್ಲ ಎಂದಿದೆ. ನಿನ್ನೆ ಎಲೆಚೂರುಗಳ ಸಮೇತ ವಾಂತಿ ಮಾಡಿತು. ಗಿಡ ತೆಗೆದುಬಿಡಲೇ?

ಉತ್ತರ (ಪಶುವೈದ್ಯೆ): ನೀವು ವರ್ಣಿಸಿದ್ದು ಜೇಕಿನ ಜಾತಿಯ ಸೈಪರಸ್ ಆಲ್ಟರ್ನಿಫೋಲಿಯಸ್‌ನಂತಿದೆ. ಮಡಗಾಸ್ಕರ್ ಮೂಲದ್ದು, ನಮ್ಮ ಹೊಲಗಳ ಕೊನ್ನಾರಿ ಕಳೆಯ ಬಳಗದ್ದೇ. ಅದು ಬೆಕ್ಕಿಗೆ ವಿಷವಲ್ಲ. ಷೆಫ್ಲೆರಾ ಎಂಬ ಗಿಡವನ್ನೂ ನರ್ಸರಿಗಳಲ್ಲಿ ಅಂಬ್ರೆಲಾ ಎಂದೇ ಮಾರುತ್ತಾರೆ. ಅದಕ್ಕೆ ಗಟ್ಟಿ ಕಾಂಡ, ಅಂಗೈಯಂತೆ ಹರಡಿದ ದಪ್ಪ ಹೊಳಪಿನ ಎಲೆ. ಅದನ್ನು ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ, ವಾಂತಿಯೂ ಆಗುತ್ತದೆ. ಗಿಡದ ಚಿತ್ರ ಹಾಕಿ, ನೋಡಿ ಹೇಳುತ್ತೇನೆ.

ಜೇಕೇ ಆಗಿದ್ದರೂ ಅದನ್ನು ಬೆಕ್ಕಿಗೆ ಎಟುಕದಂತಿಡಿ ಎಂದೇ ನನ್ನ ಸಲಹೆ. ಈ ಎಲೆಯ ಅಂಚು ಒರಟು. ನುಂಗಿದ್ದನ್ನು ಬೆಕ್ಕು ಕಕ್ಕುವಾಗ ಎಲೆಯ ಉದ್ದನೆಯ ತುಂಡು ಅಂಗುಳಿನ ಹಿಂದಿನಿಂದ ಮೂಗಿನ ದಾರಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಆಗ ಇದ್ದಕ್ಕಿದ್ದಂತೆ ಒಂದೇ ಸಮನೆ ಸೀನು, ಮತ್ತೆ ಮತ್ತೆ ನುಂಗುವುದು, ಓಕರಿಕೆ; ಕೆಲವು ದಿನಗಳ ನಂತರ ಒಂದೇ ಹೊಳ್ಳೆಯಿಂದ ಸಿಂಬಳ. ನೆಗಡಿಯೆಂದು ಔಷಧ ಕೊಡುತ್ತಾ ಕೂತರೆ ಪ್ರಾಣಿ ವೃಥಾ ನರಳುತ್ತದೆ. ಅರಿವಳಿಕೆ ಕೊಟ್ಟು ಅಂಗುಳಿನ ಹಿಂದೆ ನೋಡಿ ತೆಗೆಯಬೇಕಾಗುತ್ತದೆ. ತುದಿ ಕಂಡರೂ ಮನೆಯಲ್ಲಿ ಎಳೆಯಬೇಡಿ.

ಒಮ್ಮೆ ವಾಂತಿ ಮಾಡಿ ಎಂದಿನಂತೆ ಉಂಡು ಆಡುತ್ತಿದ್ದರೆ ಗಾಬರಿ ಬೇಡ. ವಾಂತಿ ಮರುಕಳಿಸಿದರೆ, ರಕ್ತ ಕಂಡರೆ, ಒಂದು ದಿನ ಊಟ ಬಿಟ್ಟರೆ ಕರೆತನ್ನಿ. ಇನ್ನು ಆ ತಟ್ಟೆಯ ನೀರು: ಗೊಬ್ಬರ, ಕೀಟನಾಶಕ ಎಲ್ಲವೂ ಇಳಿಯುವುದು ಅದಕ್ಕೇ, ಬೆಕ್ಕು ಕುಡಿಯುವುದೂ ಅದನ್ನೇ. ಗಿಡಕ್ಕಿಂತ ನನಗೆ ಅದರ ಚಿಂತೆ ಹೆಚ್ಚು. ಹರಳು ಹಿಂಡಿಯನ್ನಂತೂ ಹಾಕಲೇಬೇಡಿ, ಅದು ಪ್ರಾಣ ತೆಗೆಯಬಲ್ಲದು.

ಇನ್ನೊಬ್ಬ ಸದಸ್ಯರು: ಮೇಡಂ, ಹುಲ್ಲಿಲ್ಲದೆ ನಮ್ಮ ಬೆಕ್ಕು ಇರುವುದೇ ಇಲ್ಲ. ಕುಂಡದಲ್ಲಿ ಜೋಳ ಬಿತ್ತಬಹುದೇ?

ಉತ್ತರ: ಜೋಳ ಬೇಡ. ಅದರ ಎಳೆ ಪೈರಿನಲ್ಲಿ ಸಯನೈಡ್ ಹೊರಬಿಡುವ ಅಂಶವಿದೆ. ಎಳೆಯ ಜೋಳ ಮೇಯ್ದು ದನ ಸಾಯುವುದನ್ನು ರೈತರು ಬಲ್ಲರು. ಅಡುಗೆಮನೆಯ ಗೋಧಿ ಬಿತ್ತಿ. ಬಿತ್ತನೆ ಬೀಜದ ಅಂಗಡಿಯದು ಬೇಡ, ಅದಕ್ಕೆ ಔಷಧ ಲೇಪಿಸಿರುತ್ತಾರೆ. ಎಳೆಯದಿದ್ದಾಗಲೇ ಕೊಡಿ, ಬಲಿತರೆ ಅದೂ ಒರಟಾಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು ಡಾಕ್ಟರೇ. ಬೆಕ್ಕು ಚೆನ್ನಾಗಿದೆ, ಕುಂಡವನ್ನು ಈಗಲೇ ಮೇಲೆ ತೂಗುಹಾಕುತ್ತೇನೆ. ಬಾಲ್ಕನಿಯಲ್ಲಿ ಮನಿ ಪ್ಲಾಂಟ್ ಇದೆ, ಮೇಜಿನ ಮೇಲೆ ಉಡುಗೊರೆ ಬಂದ ಲಿಲ್ಲಿ ಹೂಗುಚ್ಛವೂ ಇದೆ.

ಉತ್ತರ: ಲಿಲ್ಲಿಯನ್ನು ಈ ಕ್ಷಣವೇ ಮನೆಯಿಂದ ಹೊರಹಾಕಿ, ಹೂದಾನಿಯ ನೀರನ್ನೂ ಚೆಲ್ಲಿ. ಎಲೆ, ಹೂವು, ಪರಾಗ, ಆ ನೀರು ಯಾವುದಾದರೂ ಸರಿ, ಸ್ವಲ್ಪ ಒಳಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಮನಿ ಪ್ಲಾಂಟ್ ಬಾಯಿ ಉರಿಸುತ್ತದೆ, ಅದನ್ನೂ ಎತ್ತರದಲ್ಲಿಡಿ. ಬೆಕ್ಕು ಲಿಲ್ಲಿಯನ್ನು ಮುಟ್ಟಿರುವ ಅನುಮಾನವಿದ್ದರೆ, ಮೈಮೇಲಿನ ಪರಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿರುವಂತೆ ಕಂಡರೂ ಈಗಲೇ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಲಕ್ಷಣ ಕಾಣುವ ಮೊದಲೇ ಡ್ರಿಪ್ ಶುರುವಾದರೆ ಉಳಿಯುವ ಸಾಧ್ಯತೆ ಹೆಚ್ಚು.