ರೈಜ್ ಬೇರೆ, ರೇಜ್ ಬೇರೆ: ಇಂಗ್ಲಿಷ್ ಮೇಡಂಗೆ ಪ್ರಶ್ನೆ

ಪ್ರಶ್ನೆ (ಡಿಗ್ರಿ ವಿದ್ಯಾರ್ಥಿನಿ, ಗಂಗಾವತಿ): ಮೇಡಂ, ತುಂಗಭದ್ರಾ ಡ್ಯಾಂ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆಯುತ್ತಿದ್ದೇನೆ. ನೀರು ಏರಿತು ಅನ್ನೋದಕ್ಕೆ 'ದ ವಾಟರ್ ರೋಜ್' ಸರಿಯೋ, 'ದ ವಾಟರ್ ರೇಜ್ಡ್' ಸರಿಯೋ? ನನಗೆ ಎರಡೂ ಒಂದೇ ಅನ್ನಿಸುತ್ತವೆ.

ಉತ್ತರ (ಇಂಗ್ಲಿಷ್ ಉಪನ್ಯಾಸಕಿ, ಕೊಪ್ಪಳ): 'ರೋಜ್' ಸರಿ, ತಂಗಿ. ಮಲೆನಾಡಿನಲ್ಲಿ ಜೋರು ಮಳೆಯಾದರೆ ನಮ್ಮ ಡ್ಯಾಂ ನೀರು ತಾನಾಗಿ ಏರುತ್ತದೆ, ಅಲ್ವಾ? ಹೀಗೆ ತಾನೇ ಮೇಲೆ ಹೋದರೆ ರೈಜ್. ಯಾರಾದರೂ ಮೇಲಕ್ಕೆ ಎತ್ತಿದರೆ ರೇಜ್. ಅಲ್ಲಿರುವ 33 ಗೇಟುಗಳಲ್ಲಿ ಒಂದೂ ತಾನಾಗಿ ಏಳುವುದಿಲ್ಲ, ಸಿಬ್ಬಂದಿ ಎತ್ತಬೇಕು. ಆದ್ದರಿಂದ 'ದ ವಾಟರ್ ರೋಜ್, ಸೋ ದೇ ರೇಜ್ಡ್ ದ ಗೇಟ್ಸ್' ಅಂತ ಬರಿ.

ಅನುಮಾನ ಬಂದರೆ 'ಏನನ್ನು?' ಅಂತ ಕೇಳಿಕೋ. ಏನನ್ನು ಎತ್ತಿದರು? ಗೇಟನ್ನು. ಉತ್ತರ ಸಿಕ್ಕಿತು, ರೇಜ್ ಬೇಕು. ಕನ್ನಡದ ಏರು, ಏರಿಸು ಕೂಡ ಇದೇ ಜೋಡಿ. ಇಷ್ಟು ಚೆಂದದ ದಾರಿ ನಮ್ಮ ಮಾತಿನಲ್ಲೇ ಇರುವಾಗ ಮಕ್ಕಳಿಗೆ ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸುವುದು ನನಗೆ ಬೇಸರ. ರೂಪಗಳನ್ನು ಮಾತ್ರ ನೆನಪಿಡಲೇಬೇಕು: ರೈಜ್, ರೋಜ್, ರಿಜನ್. ಇನ್ನೊಂದು ರೇಜ್, ರೇಜ್ಡ್, ರೇಜ್ಡ್. 'ರೈಜ್ಡ್' ಅನ್ನೋ ರೂಪವೇ ಇಲ್ಲ.

ಪ್ರಶ್ನೆ (ಭತ್ತದ ವ್ಯಾಪಾರಿ, ಸಿಂಧನೂರು): ರೇಟು ಏರಿತು ಅನ್ನೋದಕ್ಕೆ ಯಾವುದು ಮೇಡಂ? ರೇಟು ಏರಿಸೋದೂ ಜನರೇ ಅಲ್ವಾ?

ಉತ್ತರ: ಒಳ್ಳೆ ಪ್ರಶ್ನೆ ಅಣ್ಣಾರೇ. ಮಾರ್ಕೆಟ್‌ನಲ್ಲಿ ಬೇಡಿಕೆ ಜಾಸ್ತಿಯಾಗಿ ಏರಿದರೆ 'ದ ಪ್ರೈಸ್ ರೋಜ್'. ಸರಕಾರ ಬೆಂಬಲ ಬೆಲೆ ಏರಿಸಿದರೆ 'ದ ಗವರ್ನಮೆಂಟ್ ರೇಜ್ಡ್ ದ ಪ್ರೈಸ್'. ಕಾಲೇಜಿನವರು ಫೀಸು ಏರಿಸಿದಾಗ 'ದ ಫೀ ರೋಜ್' ಅಂತ ಬರೆದರೂ ವ್ಯಾಕರಣ ತಪ್ಪಲ್ಲ. ಆದರೆ ಏರಿಸಿದವರು ಯಾರು ಅನ್ನೋದು ಅಲ್ಲಿ ಮರೆಯಾಗುತ್ತದೆ. ಅರ್ಜಿ, ದೂರು ಬರೆಯುವವರು ಇದನ್ನು ಗಮನಿಸಬೇಕು. ಅಲ್ಲಿ ರೇಜ್ ಬಳಸಿ, ಏರಿಸಿದವರ ಹೆಸರನ್ನೂ ಹಾಕಿ.

ಪ್ರಶ್ನೆ (ಗೃಹಿಣಿ, ಬಳ್ಳಾರಿ): ಮಕ್ಕಳನ್ನು ಬೆಳೆಸೋದಕ್ಕೂ ರೇಜ್ ಅಂತಾರಲ್ಲ?

ಉತ್ತರ: ಹೌದಮ್ಮ. ಚಂದಾ ಎತ್ತುವುದು, ಪ್ರಶ್ನೆ ಎತ್ತುವುದು, ದನಿ ಏರಿಸುವುದು ಎಲ್ಲಕ್ಕೂ ರೇಜ್. ಹಿಟ್ಟು ಉಬ್ಬಿದರೆ, ಸೂರ್ಯ ಹುಟ್ಟಿದರೆ ರೈಜ್. ಇಲ್ಲಿ ಕನ್ನಡದ ಪದ ಬದಲಾಗುತ್ತದೆ, ಆದರೆ 'ಏನನ್ನು?' ಅನ್ನೋ ಪ್ರಶ್ನೆ ಕೈಕೊಡುವುದಿಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಮೇಡಂ, 2024ರ ಆಗಸ್ಟ್‌ನಲ್ಲಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತಲ್ಲ. ಆಮೇಲೆ ನೀರು ಇಳಿಯಿತು ಅಂತಲೂ ಬರೆಯಬೇಕು.

ಉತ್ತರ: ಇಳಿ, ಇಳಿಸು ಇನ್ನೊಂದು ಜೋಡಿ ತಂಗಿ. ಬೇಸಿಗೆಯಲ್ಲಿ ತಾನಾಗಿ ಇಳಿದರೆ 'ದ ಲೆವೆಲ್ ಫೆಲ್'. ಆದರೆ ಆ ವಾರ ಹಾಗಾಗಲಿಲ್ಲ. ತಾತ್ಕಾಲಿಕ ಗೇಟು ಕೂರಿಸಲೆಂದು ಉಳಿದ ಗೇಟುಗಳಿಂದಲೂ ನದಿಗೆ ನೀರು ಬಿಟ್ಟು ಮಟ್ಟ ಇಳಿಸಿದರು. ನೀನು 'ದೇ ಲೋವರ್ಡ್ ದ ಲೆವೆಲ್' ಅಂತಲೇ ಬರಿ.