‘ಖಾಯಂ’ ಇದ್ದ ಕಡೆಯಲ್ಲೆಲ್ಲ ‘ಶಾಶ್ವತ’ ಹೊಂದುತ್ತದೆಯೇ?

ಅರ್ಜಿ ನಮೂನೆಗಳಲ್ಲಿ ‘ಖಾಯಂ ವಿಳಾಸ’ ಎಂದಿರಬೇಕಾದ ಕಡೆ ‘ಶಾಶ್ವತ ವಿಳಾಸ’ ಎಂದು ಅಚ್ಚಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ಯಾನ್ ಕಾರ್ಡಿನ ಸಂಖ್ಯೆಗೂ ‘ಶಾಶ್ವತ ಖಾತೆ ಸಂಖ್ಯೆ’ ಎಂದೇ ಹೆಸರು. ಖಾಯಂ ಹೊರಗಿನ ಪದ, ಅದನ್ನು ಕಳಚಿದರೆ ಕನ್ನಡ ಚೊಕ್ಕಟವಾಗುತ್ತದೆ ಎಂಬ ಎಣಿಕೆ ಇದರ ಹಿಂದಿದ್ದರೆ, ಶಾಶ್ವತವೂ ಸಂಸ್ಕೃತದಿಂದ ಬಂದದ್ದೇ ಅಲ್ಲವೇ? ಅದು ಹಾಗಿರಲಿ. ನನ್ನನ್ನು ಕಾಡುತ್ತಿರುವುದು ಅರ್ಥದ ಪ್ರಶ್ನೆ.

ಖಾಯಂ ಪದದ ಬೇರು ಅರಬ್ಬಿಯಲ್ಲಿದೆ. ಅಲ್ಲಿ ಅದಕ್ಕೆ ‘ನಿಂತಿರುವ’ ಎಂದು ಅರ್ಥ. ‘ಕೆಳ ನ್ಯಾಯಾಲಯ ವಿಧಿಸಿದ್ದ ಶಿಕ್ಷೆ ಖಾಯಂ’ ಎಂದು ಪತ್ರಿಕೆಯಲ್ಲಿ ಓದುವಾಗ ಆ ಮೂಲಾರ್ಥ ಇನ್ನೂ ಉಸಿರಾಡುತ್ತಿರುವುದು ಗೊತ್ತಾಗುತ್ತದೆ: ಮೇಲ್ಮನವಿ ಹೋದರೂ ತೀರ್ಪು ಬೀಳಲಿಲ್ಲ, ನಿಂತಿತು. ಅದೇ ವಾಕ್ಯದಲ್ಲಿ ‘ಶಿಕ್ಷೆ ಶಾಶ್ವತ’ ಎಂದು ಬರೆದು ನೋಡಿ, ಎರಡು ವರ್ಷದ ಸಜೆ ಮುಗಿಯದ ನರಕವಾಗಿಬಿಡುತ್ತದೆ. ಖಾಯಂ ನೌಕರ ನಿವೃತ್ತನಾಗುತ್ತಾನೆ, ಖಾಯಂ ವಿಳಾಸ ಮನೆ ಮಾರಿದ ದಿನ ಬದಲಾಗುತ್ತದೆ. ಆದರೂ ಖಾಯಂ ಎನ್ನುವುದು ಸುಳ್ಳಾಗುವುದಿಲ್ಲ. ಯಾರಾದರೂ ತೆಗೆಯುವವರೆಗೆ ತಾನಾಗಿ ಬೀಳದ್ದು ಎಂಬಷ್ಟೇ ಅದರ ಭರವಸೆ.

ಶಾಶ್ವತದ ಹಿಂದಿರುವುದು ‘ಶಶ್ವತ್’. ಮತ್ತೆ ಮತ್ತೆ, ಎಡೆಬಿಡದೆ, ಎಂದೆಂದೂ ಎಂದು ಅದರ ಅರ್ಥ. ಇದು ಕಾಲವನ್ನು ಅಳೆಯುವ ಪದ. ಹಳೆಯ ಕಲ್ಲುಶಾಸನಗಳ ‘ಆಚಂದ್ರಾರ್ಕ’ದ, ಅಂದರೆ ‘ಸೂರ್ಯಚಂದ್ರರಿರುವವರೆಗೆ’ ಎಂಬ ಮಾತಿನ, ಜೊತೆಗೆ ಕೂರುವಂಥದ್ದು. ವಿರುದ್ಧಪದಗಳನ್ನು ಹುಡುಕಿದರೆ ಎರಡರ ಅಂತರ ಥಟ್ಟನೆ ಕಾಣುತ್ತದೆ. ಖಾಯಮ್ಮಿಗೆ ಎದುರು ನಿಲ್ಲುವುದು ಹಂಗಾಮಿ, ತಾತ್ಕಾಲಿಕ. ಶಾಶ್ವತಕ್ಕೆ ನಶ್ವರ, ಕ್ಷಣಿಕ. ವಿಳಾಸವೊಂದನ್ನು ನಶ್ವರ ಎಂದು ಯಾರೂ ಕರೆಯುವುದಿಲ್ಲ. ವಾಸಿಯಾಗದ ಅಂಗವೈಕಲ್ಯಕ್ಕೆ ‘ಶಾಶ್ವತ’ ಸರಿಯಾಗಿಯೇ ಹೊಂದುತ್ತದೆ, ಅಲ್ಲಿ ನನ್ನ ತಕರಾರಿಲ್ಲ.

ಖಾಯಂ ಬೇಡವೇ ಬೇಡ ಎನ್ನುವವರಿಗೆ ‘ಸ್ಥಾಯಿ’ ಇದೆ. ಅದೂ ನಿಲ್ಲುವ ಧಾತುವಿನಿಂದಲೇ ಹುಟ್ಟಿದ್ದು. ಶಾಸನಸಭೆಯ ಸ್ಥಾಯಿ ಸಮಿತಿಯಲ್ಲಿ ಚೆನ್ನಾಗಿ ಬಾಳುತ್ತಿದೆ, ಅದನ್ನು ಶಾಶ್ವತ ಸಮಿತಿ ಎಂದರೆ ಕಿವಿಗೆ ಒಗ್ಗುವುದಿಲ್ಲ. ಅಚ್ಚಗನ್ನಡದಲ್ಲಿ ‘ನಿಲ್’ ಧಾತುವಿಗೆ ಸೇರಿದ ‘ನೆಲೆ’ಯೇ ಇರುವಾಗ ‘ನೆಲೆ ವಿಳಾಸ’ ಎನ್ನಬಹುದಲ್ಲ? ನನಗಂತೂ ಅದು ಹಿಡಿಸಿದೆ.

ಕಾಗುಣಿತದ ಬಗ್ಗೆ ಒಂದು ಮಾತು. ಕಾನೂನು, ಕಾಯಿದೆ, ಕರಾರುಗಳಲ್ಲಿರುವ ಅರಬ್ಬಿ ಅಕ್ಷರವೇ ಖಾಯಂ ಪದದಲ್ಲಿಯೂ ಇದೆ. ಅಲ್ಲೆಲ್ಲ ‘ಕ’ ಆದದ್ದು ಇಲ್ಲಿ ಮತ್ತು ಖೈದಿಯಲ್ಲಿ ‘ಖ’ ಆಗಿ ಉಳಿದಿದೆ. ಆದ್ದರಿಂದ ‘ಕಾಯಂ’ ಎಂದು ಬರೆಯುವವರನ್ನು ತಿದ್ದಲು ಹೋಗಬೇಕಿಲ್ಲ. ಬಳಕೆ ಗಟ್ಟಿಯಾಗಿರುವುದರಿಂದ ನಾನು ‘ಖಾಯಂ’ ಎಂದೇ ಬರೆಯುತ್ತೇನೆ.

ನನಗೆ ಬಗೆಹರಿಯದ ಬಳಕೆ ಒಂದಿದೆ: ‘ಖಾಯಂ ಗಿರಾಕಿ’. ಅವನು ಅಂಗಡಿಯಲ್ಲಿ ನಿಂತೇ ಇರುವವನಲ್ಲ, ಮತ್ತೆ ಮತ್ತೆ ಬರುವವನು. ಅಂದರೆ ಶಶ್ವತ್ತಿನ ಹಳೆಯ ಅರ್ಥ ಇಲ್ಲಿ ಖಾಯಂ ಪಾಲಾಗಿದೆ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಅಂವ ಕಾಯಂ ಹಿಂಗ ಮಾಡ್ತಾನ’ ಎನ್ನುವಾಗಲೂ ‘ಯಾವಾಗಲೂ’ ಎಂಬ ಅರ್ಥವೇ. ಇದು ಮರಾಠಿಯ ನೆರಳೋ, ನಮ್ಮಲ್ಲೇ ಬೆಳೆದ ಅರ್ಥವೋ? ಆ ಮಾತಿನಲ್ಲೇ ಬೆಳೆದವರು ತಿಳಿಸಬೇಕು.