ಪದಚರ್ಚೆ: ಸೇನೆಯಲ್ಲಿ ಮೊಕದ್ದಮೆ ಹೂಡುವವರಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕಾಗಿ ನಾಲ್ಕು ದಿನಗಳಿಂದ ತಡಕಾಡುತ್ತಿದ್ದೇನೆ. ಬಲ್ಲವರು ನೆರವಾಗಬೇಕು.

ಅಮೆರಿಕದ ಸೇನಾ ನ್ಯಾಯದ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೊಲೆ, ಅತ್ಯಾಚಾರ, ಅಪಹರಣದಂಥ ಘೋರ ಅಪರಾಧಗಳಲ್ಲೂ ಆರೋಪಿ ಯೋಧನ ಮೇಲೆ ಮೊಕದ್ದಮೆ ಹೂಡಬೇಕೋ ಬೇಡವೋ ಎಂದು ಅಲ್ಲಿ ನಿರ್ಧರಿಸುತ್ತಿದ್ದವರು ಅವನ ಮೇಲಿನ ಸೇನಾಧಿಕಾರಿಗಳೇ. ಈ ಅಧಿಕಾರವನ್ನು ಅವರಿಂದ ಕಿತ್ತುಕೊಳ್ಳಬೇಕೆಂದು ಸೆನೆಟರ್ ಕರ್ಸ್ಟನ್ ಗಿಲ್ಲಿಬ್ರಾಂಡ್ 2013ರಲ್ಲಿ ಮಸೂದೆ ತಂದು ಪಟ್ಟು ಹಿಡಿದರು. 2021ರ ಡಿಸೆಂಬರ್ 27ರಂದು ಕಾನೂನಿಗೆ ಸಹಿ ಬಿತ್ತು, ಎರಡು ವರ್ಷದ ಬಳಿಕ ಅದು ಜಾರಿಗೆ ಬಂತು. ಈಗ ಇಂಥ ಅಪರಾಧಗಳಲ್ಲಿ ತೀರ್ಮಾನ ಸೇನೆಯೊಳಗಿನ ವಕೀಲರ ಒಂದು ಪ್ರತ್ಯೇಕ ಕಚೇರಿಯದು. ಅದರ ಮುಖ್ಯಸ್ಥರು ಯಾವ ದಳಪತಿಯ ಕೈಕೆಳಗೂ ಇಲ್ಲ, ಸಮವಸ್ತ್ರ ತೊಡದ ಇಲಾಖಾ ಕಾರ್ಯದರ್ಶಿಗೆ ನೇರವಾಗಿ ಉತ್ತರ ಕೊಡಬೇಕು.

ಆ ಕಚೇರಿಯ ವಕೀಲರಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ನನ್ನ ತೊಡಕು. 'ಅಭಿಯೋಜಕ' ಎಂದು ಥಟ್ಟನೆ ಬರೆದೆ, ಮರುದಿನ ಹೊಡೆದುಹಾಕಿದೆ. ಪತ್ರಿಕೆಯ ಅಪರಾಧ ಸುದ್ದಿಯ ಕೊನೆಯ ಸಾಲು ನೆನಪಿಸಿಕೊಳ್ಳಿ: 'ಸರ್ಕಾರಿ ಅಭಿಯೋಜಕರು ವಾದ ಮಂಡಿಸಿದ್ದರು.' ನಮ್ಮ ಕಿವಿಗೆ ಅಭಿಯೋಜಕ ಎಂದರೆ ವಾದ ಮಾಡುವವರು, ಅಷ್ಟೇ. ಇಲ್ಲಿ ಆರೋಪ ಪಟ್ಟಿ ಸಲ್ಲಿಸುವವರು ಪೊಲೀಸರು. 'ವಿಶೇಷ ಅಭಿಯೋಜಕ' ಎಂದರಂತೂ ಗದ್ದಲದ ಪ್ರಕರಣಕ್ಕೆಂದು ಸರ್ಕಾರ ನೇಮಿಸಿದ ಹಿರಿಯ ವಕೀಲರೇ ಕಣ್ಣಮುಂದೆ ಬರುತ್ತಾರೆ. ಹೂಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಅಧಿಕಾರ ಈ ಪದದಲ್ಲಿ ಎಲ್ಲಿದೆ?

ಇದಕ್ಕಿಂತ ಸ್ವಾರಸ್ಯವಾದ ಪೇಚು ಇನ್ನೊಂದಿದೆ. ಅಧಿಕಾರ ಕಳೆದುಕೊಂಡವರನ್ನು 'ದಂಡನಾಯಕ' ಎಂದು ಕರೆಯುವ ಆಸೆ ನನಗೆ. ಹೊಯ್ಸಳ ವಿಷ್ಣುವರ್ಧನನ ಗಂಗರಾಜ ದಂಡನಾಯಕನಾಗಿದ್ದ, ಪದಕ್ಕೆ ತೂಕವಿದೆ. ಆದರೆ 'ದಂಡ' ಎಂದರೆ ಸೈನ್ಯವೂ ಹೌದು, ಶಿಕ್ಷೆಯೂ ಹೌದು (ಹಾಳಾದ ದುಡ್ಡೂ ಹೌದು, ಅದನ್ನು ಬಿಡೋಣ). ಬೆಂಗಳೂರಿನ ಹಳಬರು ಇಂದಿಗೂ 'ದಂಡು ರೈಲು ನಿಲ್ದಾಣ' ಎನ್ನುತ್ತಾರೆ, ಅಲ್ಲಿ ದಂಡು ಎಂದರೆ ಸೇನೆ. ಅದೇ ಊರಿನಲ್ಲಿ ತಹಸೀಲ್ದಾರರ ಜೀಪಿನ ಮೇಲೆ 'ತಾಲ್ಲೂಕು ದಂಡಾಧಿಕಾರಿ' ಎಂದಿರುತ್ತದೆ. ಅಲ್ಲಿ ಸೇನೆಯ ಸುಳಿವೂ ಇಲ್ಲ. ಸೈನ್ಯ ನಡೆಸುವವನೇ ಶಿಕ್ಷೆಯ ಕೋಲನ್ನೂ ಹಿಡಿದವನು ಎಂದು ಪದವೇ ಒಪ್ಪಿಕೊಂಡಂತಿದೆ. ಈ ಎರಡನ್ನು ಬೇರ್ಪಡಿಸುವ ಕಾನೂನಿನ ಬಗ್ಗೆ ಬರೆಯುವಾಗ 'ದಂಡನಾಯಕನಿಗೆ ದಂಡಿಸುವ ದಾರಿ ತೆರೆಯುವ ಅಧಿಕಾರವಿಲ್ಲ' ಎಂದರೆ ಓದುಗ ನಗುವುದಿಲ್ಲವೇ?

ನಮ್ಮಲ್ಲಂತೂ ಇವೆರಡೂ ಇನ್ನೂ ಪೂರ್ತಿ ಬೇರೆಯಾಗಿಲ್ಲ. 1950ರ ಸೇನಾ ಕಾಯ್ದೆಯ ಸೆಕ್ಷನ್ 116ರ ಪ್ರಕಾರ ಸೇನೆಯೊಳಗೇ ಯೋಧನ ವಿಚಾರಣೆ ನಡೆಸುವ ಸಂಕ್ಷಿಪ್ತ ಕೋರ್ಟ್ ಮಾರ್ಷಲ್‌ನಲ್ಲಿ ಪಡೆಯ ಮುಖ್ಯಸ್ಥರಾದ ಕಮಾಂಡಿಂಗ್ ಆಫೀಸರ್ (ಸಿ.ಓ.) ಒಬ್ಬರೇ ಇಡೀ ನ್ಯಾಯಾಲಯ. ಜೊತೆಗೆ ಇನ್ನಿಬ್ಬರು ಕೂತಿರುತ್ತಾರೆ, ತೀರ್ಪಿನಲ್ಲಿ ಅವರ ಪಾಲಿಲ್ಲ. ಹಲಸೂರಿನ ನಮ್ಮ ಬೀದಿಯಲ್ಲಿರುವ ನಿವೃತ್ತ ಸುಬೇದಾರರನ್ನು ಕೇಳಿದೆ. "ಸಿ.ಓ. ಸಾಹೇಬರ ಮುಂದೆ ಹೋಗುವುದಕ್ಕೆ ನಾವು ಪೇಶಿ ಎನ್ನುತ್ತಿದ್ದೆವು ಸಾರ್. ಒಳಗೆ ಕರೆದೊಯ್ಯುವ ಮೊದಲೇ ಟೋಪಿ, ಬೆಲ್ಟ್ ತೆಗೆಸಿಬಿಡುತ್ತಿದ್ದರು" ಎಂದರು. ಹೇಳುತ್ತ ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕನ್ನಡ ಪದ ಕೇಳಿದ್ದಕ್ಕೆ, "ಅಲ್ಲಿ ಕನ್ನಡ ಎಲ್ಲಿತ್ತು?" ಎಂದು ಕಾಫಿ ತರಿಸಿದರು.

ಇದೇ ಉಸಿರಿನಲ್ಲಿ 'ವಿಚಾರಣೆ'ಯ ಮೇಲೂ ನನ್ನ ದೂರಿದೆ. ಸೇನೆಯಲ್ಲಿ ಮೊದಲು ಘಟನೆಯ ತನಿಖೆಗೆ ಅಧಿಕಾರಿಗಳ ಮಂಡಳಿ ಕೂರುತ್ತದೆ, ಆಮೇಲೆ ಸಾಕ್ಷ್ಯ ಬರೆದುಕೊಳ್ಳುತ್ತಾರೆ, ಕೊನೆಗೆ ಕೋರ್ಟ್ ಮಾರ್ಷಲ್. ಪತ್ರಿಕೆಗಳು ಮೂರಕ್ಕೂ 'ವಿಚಾರಣೆ' ಎಂದೇ ಬರೆಯುತ್ತವೆ. 'ಸೇನೆ ವಿಚಾರಣೆಗೆ ಆದೇಶಿಸಿದೆ' ಎಂದರೆ ಮೊದಲ ಹಂತವೋ ಕೊನೆಯದೋ? ಅಮೆರಿಕದವರು ಬದಲಿಸಿದ್ದು ಈ ಹಂತಗಳ ನಡುವಿನ ಬಾಗಿಲು ಕಾಯುವವರನ್ನು. ಎಲ್ಲ ಹಂತಕ್ಕೂ ಒಂದೇ ಹೆಸರಿಟ್ಟರೆ ಆ ಬಾಗಿಲೇ ಕಾಣಿಸುವುದಿಲ್ಲ. 'ಸೇನಾ ನ್ಯಾಯಾಲಯ'ವೂ ದಾರಿ ತಪ್ಪಿಸುತ್ತದೆ. ನಮ್ಮ ಕೋರ್ಟ್ ಮಾರ್ಷಲ್ ಎಂದೂ ಒಂದು ಆಲಯವಲ್ಲ. ಒಂದು ಪ್ರಕರಣಕ್ಕೆಂದು ಅಧಿಕಾರಿಯೊಬ್ಬರು ಸೇರಿಸಿದ ಮಂಡಳಿ. 'ಕೋರ್ಟ್ ಮಾರ್ಷಲ್' ಎಂದೇ ಉಳಿಸಿಕೊಳ್ಳುತ್ತೇನೆ, 'ಅವನಿಗೆ ಕೋರ್ಟ್ ಮಾರ್ಷಲ್ ಆಯಿತು' ಎಂದರೆ ಕೆಲಸದಿಂದ ತೆಗೆದರು ಎಂದೇ ಜನ ತಿಳಿದರೂ ಚಿಂತೆಯಿಲ್ಲ.

ಸದ್ಯಕ್ಕೆ ನಾನು ಹೀಗೆ ಇಟ್ಟುಕೊಂಡಿದ್ದೇನೆ: ಮೊದಲ ಹಂತಕ್ಕೆ 'ತನಿಖೆ', ಎರಡನೆಯದಕ್ಕೆ 'ಸಾಕ್ಷ್ಯ ಸಂಗ್ರಹ', ಕೋರ್ಟ್ ಮಾರ್ಷಲ್‌ಗೆ ಮಾತ್ರ 'ವಿಚಾರಣೆ'. ಮೇಲಧಿಕಾರಿಗೆ 'ದಳಪತಿ'. ಹೊಸ ವಕೀಲರಿಗೆ 'ಅಭಿಯೋಜನಾಧಿಕಾರಿ'. ಉದ್ದವಾಯಿತು, ಆದರೆ ಕೊನೆಯ 'ಅಧಿಕಾರಿ'ಯಲ್ಲಿ ತೀರ್ಮಾನದ ಹಕ್ಕು ಕೇಳಿಸುತ್ತದೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಶುಕ್ರವಾರದೊಳಗೆ ತಿಳಿಸಿ, ಶನಿವಾರ ಪುಟ ಅಚ್ಚಿಗೆ ಹೋಗುತ್ತದೆ.